ಆಟದವರ ಆಯ

27-11-2006, ಸೋಮವಾರ. ಸಂಜೆ

ಇವತ್ತೂ ಖೋಖೋ ಕಂಬ ನೆಟ್ಟಿದ್ದು ನಾನೇ. ಜವಾನ ರಜೆ. ಅವನು ಹಾಜರಿದ್ದ ದಿನಗಳನ್ನಷ್ಟೇ ಬರೆದರೆ ಈ ಡೈರಿ ಇನ್ನೂ ಹತ್ತು ವರ್ಷ ಸಾಕಾದೀತು.

ಪ್ರಾಕ್ಟೀಸು ಚೆನ್ನಾಗಿತ್ತು. ಭಾಗಮ್ಮ ಡೈವ್ ಹೊಡೆದು ಕಂಬದ ಹತ್ತಿರ ಯಂಕಮ್ಮನನ್ನು ಔಟ್ ಮಾಡಿದಳು. ನಾನು ಸೀಟಿ ಊದುವುದನ್ನೇ ಮರೆತೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಕಾಲು ಕಂಡಿಲ್ಲ. ಅವಳೆದುರು ಹೇಳಿಲ್ಲ. ಹೇಳಿದರೆ ತಲೆ ಮೇಲೆ ಕೂತಾಳು.

ಜಿಲ್ಲಾ ಮಟ್ಟ ಗೆದ್ದಾಯಿತು. ಬರುವ ತಿಂಗಳು ಹದಿನೈದನೇ ತಾರೀಖು ಬೀದರಿನಲ್ಲಿ ವಿಭಾಗ ಮಟ್ಟ. ಅಲ್ಲೇ ಕ್ರೀಡಾ ಹಾಸ್ಟೆಲಿನ ಆಯ್ಕೆ. ಭಾಗಮ್ಮ ಈಗ ಹತ್ತನೇ ಕ್ಲಾಸು. ಈ ಸಲ ಹೋಗದಿದ್ದರೆ ಮುಗಿಯಿತು, ತಾಯಿ ದುರಗಮ್ಮನ ಹಿಂದೆ ಭತ್ತ ನಾಟಿ ಮಾಡಲು ಬಗ್ಗುತ್ತಾಳೆ.

ಹೆಡ್‌ಮೇಡಂ ಕುಬ್ರಾಬೇಗಂ ರೂಮಿಗೆ ಕರೆದರು. ಕ್ರೀಡಾ ನಿಧಿ ಬಂದಿಲ್ಲ.

“ಹೋಗಿ ಬರ್ರಿ, ಆಮ್ಯಾಲ ಬಿಲ್ ಕಳಸ್ರಿ ಅಂತಾರ ಶಿಕ್ಷಣ ಆಫೀಸಿನ ಚಂದ್ರಾಮಪ್ಪ ಸರ್. ಹೋಗೂದು ಹ್ಯಾಂಗ್ರಿ ಅಂದ್ರ ಫೋನೇ ಇಟ್ಟುಬಿಡ್ತಾರ.”

ಪಾಪ, ಆಕೆಯಾದರೂ ಏನು ಮಾಡಿಯಾರು! ಹೋದ ಎರಡು ವರ್ಷ ನಾನೇ ಜೇಬಿನಿಂದ ಹಾಕಿದೆ. ಈ ವರ್ಷ ಮಗಳ ಬಾಣಂತನ. ಅದೂ ಅಲ್ಲದೆ, ಮೇ ತಿಂಗಳಿಗೆ ನನ್ನ ರಿಟೈರ್‌ಮೆಂಟು. ಮೇಷ್ಟ್ರ ಜೇಬಿನ ಮೇಲೆ ಓಡುವ ಟೀಮು ಮೇಷ್ಟ್ರ ಜೊತೆಗೇ ಮನೆಗೆ ಹೋಗುತ್ತದೆ.

29-11, ಬುಧವಾರ

ಸ್ಪೋರ್ಟ್ಸ್ ರೂಮು ಗುಡಿಸಿದೆ. ನಾಟಕದ ಪರದೆಯನ್ನು ಇಲಿ ತಿಂದಿದೆ. ಹಾಳಾದವು! ಆಯದ ಪರದೆ ಅದು.

ಆಗ ನಾನು ಹೊಸದಾಗಿ ಬಂದಿದ್ದೆ. ಕಾಲುವೆ ಇನ್ನೂ ಬಂದಿರಲಿಲ್ಲ, ಕಣ್ಣು ಹಾಯುವಷ್ಟು ದೂರ ಜೋಳ. ಕಬಡ್ಡಿಯಲ್ಲಿ ವನದುರ್ಗದವರಿಗೆ ಮಣ್ಣು ಮುಕ್ಕಿಸಿ ಬಂದಿದ್ದೆವು. ಅವತ್ತು ಬಸವಂತ್ರಾಯ ಗೌಡರ ಕಣದಲ್ಲಿ ರಾಶಿ. ಬಡಿಗ, ಕಂಬಾರ, ಅಗಸ... ವರ್ಷವಿಡೀ ಊರಿಗೆ ದುಡಿದವರೆಲ್ಲ ತಮ್ಮ ಪಾಲಿನ ಕಾಳಿಗೆ, ಅದೇ ಆಯಕ್ಕೆ, ಕಣದ ಅಂಚಿನಲ್ಲಿ ನಿಂತಿದ್ದರು. ಗೌಡರು ನಮ್ಮನ್ನು ನೋಡಿ ಕೈ ಬೀಸಿ ಕರೆದರು.

“ಇವ್ರೂ ಊರಿನ ಕೆಲಸಾನೇ ಮಾಡಿ ಬಂದಾರ. ಇನ್ನ ಮ್ಯಾಲ ಆಟದವ್ರಿಗೂ ಒಂದು ಆಯ ಇರ್ಲಿ.”

ಒಬ್ಬರು ಕೊಟ್ಟರೆ ಎಲ್ಲರೂ ಕೊಟ್ಟಂತೆ. ಅವತ್ತಿನಿಂದ ಪ್ರತಿ ಸುಗ್ಗಿಗೆ ಹುಡುಗರನ್ನು ಕರೆದುಕೊಂಡು ಕಣದಿಂದ ಕಣಕ್ಕೆ. ಚಪ್ಪಲಿ ಹೊರಗೆ. ಮಾತಿಲ್ಲ. ರಾಶಿಯ ಮುಂದೆ ಬಾಯಿ ಬಿಟ್ಟು ಕೇಳಬಾರದು, ಖಾಲಿ ಬಿದಿರಿನ ಪುಟ್ಟಿ ಹಿಡಿದು ನಿಲ್ಲಬೇಕು ಅಷ್ಟೇ. ರೈತ ತಾನಾಗಿ ನೋಡುತ್ತಾನೆ. ಮೊದಲ ಅಳತೆಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅಂದು ಸುರಿಯುತ್ತಾನೆ. ಆ ಕಾಳಿನಲ್ಲೇ ಹಾರ್ಮೋನಿಯಂ, ಬ್ಯಾಂಡಿನ ಡ್ರಮ್ಮು, ಜರ್ಸಿ, ಈ ಪರದೆ. ನಾಟಕ ಸಂಘ, ಹಾಡಿನ ಸಂಘ ಎಲ್ಲ ನಡೆದವು. ಒಂದು ಅರ್ಜಿ ಬರೆದವನಲ್ಲ ನಾನು.

ಆಮೇಲೆ ಕಾಲುವೆ ಬಂತು. ಮೂರು ಹೊತ್ತು ಅನ್ನ ಬಂತು, ಸುಳ್ಳು ಯಾಕೆ ಹೇಳಲಿ. ಆಂಧ್ರದ ಕಡೆಯಿಂದ ಹೊಲ ಲೀಜಿಗೆ ಹಿಡಿಯುವ ಕ್ಯಾಂಪಿನವರು ಬಂದರು. ಕೊಯ್ಯುವ ಮಿಷನ್ ಬಂತು. ಕಣ ಹೋಯಿತು. ಕಣದ ಜೊತೆ ಆಯ.

ಸಗಣಿ ಸಾರಿಸಿದ ಆ ನೆಲ, ಜೋಳದ ಹೊಟ್ಟಿನ ವಾಸನೆ, ಹುಡುಗರ ತಲೆಯ ತುಂಬ ಧೂಳು... ಎಷ್ಟು ಚಂದದ ದಿನಗಳವು! ಪರದೆ ಹಿಡಿದುಕೊಂಡೇ ಬಹಳ ಹೊತ್ತು ಕೂತೆ. ಅಳು ಬಂತು.

ರವಿವಾರ ಸೂರಿಬಾಬುವಿನ ಕೊಯ್ಲಂತೆ. ಕಾಲುವೆ ಪಕ್ಕದ ದೊಡ್ಡ ಲೀಜು ಅವನದೇ. ಹೋಗಿ ನಿಲ್ಲೋಣ. ಯಾಕಾಗಬಾರದು?

3-12, ರವಿವಾರ. ರಾತ್ರಿ

ಹೋದೆವು. ನಿಂತೆವು.

ಬದುವಿನ ಮೇಲೆ ಚಪ್ಪಲಿ ಬಿಟ್ಟು, ಸಾಲಾಗಿ, ಪುಟ್ಟಿ ಹಿಡಿದು. “ಯಾರೂ ಬಾಯಿ ಬಿಡಬಾರದು” ಎಂದು ನಾನೇ ತಾಕೀತು ಮಾಡಿದ್ದೆ. ಮಿಷನ್ ಗರಗರ ತಿರುಗಿತು. ಭತ್ತ ಅದರ ಹೊಟ್ಟೆಯಿಂದ ಸೀದಾ ಲಾರಿಗೆ. ರಾಶಿಯೇ ಇಲ್ಲ! ಯಾವುದರ ಅಂಚಿನಲ್ಲಿ ನಿಲ್ಲುವುದು? ಲಾರಿಯ ಅಂಚಿನಲ್ಲಿ ನಿಂತೆವು.

ಡ್ರೈವರ್ ಕೈ ಬೀಸಿದ. ಸೂರಿಬಾಬು ಬಂದು ನಕ್ಕ, ಹುಡುಗಿಯರಿಗೆಲ್ಲ ಬಿಸ್ಕತ್ತು ಹಂಚಿದ. ಆಮೀನಾಳನ್ನೂ ಯಂಕಮ್ಮನನ್ನೂ ಮಿಷನ್ ಮೇಲೆ ಹತ್ತಿಸಿ ಒಂದು ಸುತ್ತು ಹೊಡೆಸಿದ. ನಾನು ಬಾಯಿ ಬಿಡಲಿಲ್ಲ.

“ಸರ, ಯಾವಾಗ ಕೊಡ್ತಾರ್ರಿ?” ಭಾಗಮ್ಮ ಪಿಸುಗುಟ್ಟಿದಳು.

“ಸುಮ್ನ ನಿಂದ್ರು.”

ಹೊತ್ತು ಮುಳುಗಿತು. ಲಾರಿಗೆ ತಾಡಪತ್ರಿ ಕಟ್ಟಿದರು. ಸೂರಿಬಾಬು ನಮಸ್ಕಾರ ಮಾಡಿ ಬೈಕ್ ಹತ್ತಿ ಹೋದ. ಖಾಲಿ ಪುಟ್ಟಿಯಲ್ಲಿ ಬಿಸ್ಕತ್ತಿನ ಕಾಗದ.

ಮನೆಯಲ್ಲಿ ನನ್ನ ಹೆಂಡತಿ ದೇವಕಮ್ಮ ಮೊದಲು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಶುರು ಮಾಡಿದಳು. “ಆ ಮನಷಾಗ ನಿಮ್ಮ ಆಯಾ ಗೀಯಾ ಏನ್ ಗೊತ್ತರಿ? ಬಾಯಾಗ ಏನ್ ಅವಲಕ್ಕಿ ಇಟ್ಕೊಂಡಿದ್ರೇನು? ನಿಮ್ಮ ಸೊಕ್ಕಿಗೆ ಆ ಹುಡ್ಗ್ಯಾರು ಮನ್ಯಾಗ ಕುಂದರಬೇಕು!”

ಊಟ ಸೇರಲಿಲ್ಲ.

4-12, ಸೋಮವಾರ

ಹೋಗಿ ಕೇಳಿದೆ. ಹೌದು, ಬಾಯಿ ಬಿಟ್ಟು ಕೇಳಿದೆ. ಈ ಊರಿಗೆ ಬಂದ ಮೇಲೆ ಇದೇ ಮೊದಲು.

ಸೂರಿಬಾಬು ಹಣೆ ಚಚ್ಚಿಕೊಂಡ. “ಅಯ್ಯೋ, ನಿನ್ನೆ ಅಡಗಾಲಿ ಕದಾ, ಕೇಳ್ಬೇಕಿತ್ತಲ್ಲ ಮೇಷ್ಟ್ರೇ! ಕೇಳಿದ್ರೆ ಎರಡು ಮೂಟೆ ಇಳಿಸಿಬಿಡ್ತಿದ್ದೆ. ಮಕ್ಕಳಿಗೆ ಮಿಷನ್ ತೋರಿಸಕ್ಕೆ ಕರ್ಕೊಂಡು ಬಂದ್ರಿ ಅಂದ್ಕೊಂಡೆ!” ಲಾರಿ ಮಿಲ್ಲಿಗೆ ಹೋಗಿ ಆಗಿತ್ತು. ಇನ್ನು ಮುಂದಿನ ಬೆಳೆಗೆ ಅಂದ. ಆಮೇಲೆ ಹೊಲದ ಕಡೆ ಕೈ ತೋರಿಸಿದ. “ಮಿಷನ್ ಬಿಟ್ಟದ್ದು ಮೂಲೇಲಿ ಬಿದ್ದಿದೆ. ಬೇಕಾದ್ರೆ ಆರಿಸ್ಕೊಳ್ಳಿ.”

ಮೈ ಉರಿಯಿತು. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಗೊತ್ತು. ಆದರೂ ಉರಿಯಿತು. ಗ್ರೌಂಡಿಗೆ ಬಂದು ಹುಡುಗಿಯರ ಮೇಲೆ ಹಾರಾಡಿದೆ. “ಬಿದ್ದದ್ದು ಆರಿಸ್ಕೋಬೇಕಂತ! ಬೀದರೂ ಬ್ಯಾಡ, ಏನೂ ಬ್ಯಾಡ. ನಡೀರಿ ಮನಿಗೆ!”

ಭಾಗಮ್ಮ ಕಂಬ ಕಿತ್ತು ಒಳಗಿಟ್ಟು ಹೋದಳು.

7-12, ಗುರುವಾರ

ಮೂರು ದಿನದಿಂದ ಗ್ರೌಂಡಿಗೆ ಒಬ್ಬಳೂ ಇಲ್ಲ. ಬೆಲ್ ಹೊಡೆದ ತಕ್ಷಣ ಮಾಯ. ನಾನೇ ಅಂದದ್ದು, ನಡೀರಿ ಮನಿಗೆ ಅಂತ. ಯಾರನ್ನು ಬೈಯಲಿ?

10-12, ರವಿವಾರ. ಸಂಜೆ

ಇವತ್ತಿನದನ್ನು ನಿಧಾನ ಬರೆಯಬೇಕು.

ಬೆಳಿಗ್ಗೆ ಆಮೀನಾ ಓಡಿ ಬಂದಳು. “ಸರ, ಸಾಲಿಗೆ ಬರ್ಬೇಕಂತ್ರಿ. ಈಗಿಂದೀಗ.” ಶಾಲೆಗೆ ಹೋದೆ. ನನ್ನ ಖೋಖೋ ಗ್ರೌಂಡಿನ ನಡುವೆ ಸಗಣಿ ಸಾರಿಸಿದ್ದಾರೆ! ಕೆಳಗಿನ ಕೇರಿಯ ನಾಟಿ ಹೆಂಗಸರೆಲ್ಲ ಇದ್ದಾರೆ, ಗುಂಪಿನ ಮುಖ್ಯಸ್ಥೆ ದುರಗಮ್ಮ ಸೆರಗು ಕಟ್ಟಿ ನಿಂತಿದ್ದಾಳೆ. ನನ್ನ ಹುಡುಗಿಯರು ಭತ್ತದ ತೆನೆ ಬಡಿಯುತ್ತಿದ್ದಾರೆ, ತೂರುತ್ತಿದ್ದಾರೆ. ನಡುವೆ ರಾಶಿ. ದೊಡ್ಡದಲ್ಲ, ಮಂಡಿಯೆತ್ತರ. ಮೇಲೆ ಒಂದು ಹೂವು.

ಸೂರಿಬಾಬುವಿನ ಹೊಲದ್ದು. ಅಕ್ಕಪಕ್ಕದ ಕ್ಯಾಂಪುಗಳದ್ದೂ. ಮಿಷನ್ ಬಿಟ್ಟ ಮೂಲೆ, ಕೆಸರಿಗೆ ಒರಗಿದ ತೆನೆ. ಇಷ್ಟು ದಿನ ತಾಯಂದಿರೂ ಮಕ್ಕಳೂ ಸೇರಿ ಹಕ್ಕಲು ಆಯ್ದದ್ದು.

ಒಳಗೆ ಕಾಲಿಟ್ಟೆ. ದುರಗಮ್ಮ ಕೈ ಅಡ್ಡ ಮಾಡಿದಳು. “ಸರ, ಬೂಟು.”

ಬಿಚ್ಚಿದೆ. ನಾಚಿಕೆಯಾಯಿತು, ನಗುವೂ ಬಂತು.

“ಬಿದ್ದದ್ದು ಆರಿಸ್ಕೊ ಅಂದ್ರಂತ ನಿಮಗ ಸಿಟ್ಟ ಬಂತಂತಲ್ರಿ ಸರ. ನಮಗೇನು ಅದು ಹೊಸಾದೇನ್ರಿ?”

“ಹಳೇ ಕಣ ಇದ್ದಿದ್ರ ಹಿಂಗಾಗ್ತಿರಲಿಲ್ಲ ದುರಗಮ್ಮ. ಎಷ್ಟ ಚಂದ ಇತ್ತು ಆಗ...”

“ನಿಮಗ ಚಂದ ಇತ್ರಿ. ನಮ್ಮಪ್ಪ ಎಲ್ಲಾರಕಿಂತ ಹಿಂದ ನಿಂದರ್ತಿದ್ದ. ಕಡೀಕ ಮಣ್ಣಗಾಳು ಬಳದು ಹಾಕ್ತಿದ್ರು. ನಾ ಸಣ್ಣಾಕಿ, ಕಲ್ಲು ಆರಿಸಿ ಆರಿಸಿ ಕಣ್ಣು ಹೋಗ್ತಿದ್ವು.” ನಕ್ಕಳು, ಮುನಿಸಿಲ್ಲದೆ. “ಕೊಡೂ ಕೈ ಹ್ಯಾಂಗಿರ್ತದ ಅಂತ ನಾವೂ ಒಮ್ಮಿ ನೋಡ್ತೀವಿ. ನಿಂದರ್ರಿ ಅಲ್ಲಿ.”

ಆ ಕಣಗಳಲ್ಲೆಲ್ಲ ನಾನೂ ನಿಂತಿದ್ದೆ. ಅವಳ ಅಪ್ಪನ ಮುಖ ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

ಅಂಚಿಗೆ ಹೋಗಿ ನಿಂತೆ. ಹುಡುಗಿಯರೂ ಬಂದು ನನ್ನ ಪಕ್ಕ ಸಾಲಾಗಿ ನಿಂತರು, ಪುಟ್ಟಿ ಹಿಡಿದು. ಕುಬ್ರಾಬೇಗಂ ಮೇಡಂ ಶಹಾಪುರದಿಂದ ಬಸ್ಸಿಗೆ ಬಂದಿದ್ದರು, ರವಿವಾರವಾದರೂ. ಅವರೂ ಚಪ್ಪಲಿ ಬಿಟ್ಟು ನಿಂತರು. ಯಾರೂ ಮಾತಾಡಲಿಲ್ಲ. ದುರಗಮ್ಮ ಬೇಕೆಂದೇ ತಡ ಮಾಡಿದಳು, ರಾಶಿ ನೇವರಿಸಿದಳು, ಆಕಾಶ ನೋಡಿದಳು, ಹೂವು ಸರಿಮಾಡಿದಳು. ಆಮೇಲೆ ನನ್ನತ್ತ ತಿರುಗಿ ಸೇರು ತುಂಬಿದಳು.

“ಲಾಭ.”

ಅತ್ತುಬಿಟ್ಟೆ. ಹುಡುಗಿಯರ ಮುಂದೆಯೇ. ಅಳಲಿ ಬಿಡು ಅಂತ ಯಂಕಮ್ಮ ಯಾರಿಗೋ ಹೇಳಿದ್ದು ಕೇಳಿಸಿತು.

ಸಂಜೆಗೆ ಭತ್ತ ಅಂಗಡಿಗೆ ಹೋಯಿತು. ಬಸ್ಸಿಗೆ ಆಗುತ್ತದೆ, ಊಟಕ್ಕೆ ಆಗುತ್ತದೆ. ಬೂಟಿಗೆ ಆಗುವುದಿಲ್ಲ. “ಬರಿಗಾಲಾಗೇ ಜಿಲ್ಲಾ ಗೆದ್ದೀವಲ್ರಿ” ಅಂದಳು ಭಾಗಮ್ಮ. ಹೋಗುತ್ತೇವೆ!

15-12, ಶುಕ್ರವಾರ. ಬೀದರ್. ಮಧ್ಯಾಹ್ನ

ಮೈದಾನದ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಸೆಮಿಫೈನಲ್‌ನಲ್ಲಿ ಸೋತೆವು. ಒಂದೇ ಪಾಯಿಂಟು. ಆಮೀನಾ ಅಳು ನಿಲ್ಲಿಸಿಲ್ಲ, ಅಂಪೈರನನ್ನು ಬೈದು ಬೈದು ನನ್ನ ಗಂಟಲು ಬಿದ್ದಿದೆ.

ಆದರೆ ಭಾಗಮ್ಮನನ್ನು ಹಾಸ್ಟೆಲಿಗೆ ತೆಗೆದುಕೊಂಡರು. ತೆಗೆದುಕೊಂಡರು!

ಆಯ್ಕೆಯವರ ಟೇಬಲ್ಲಿಗೆ ನನ್ನನ್ನೂ ಕರೆದರು. ಮೂವರಿದ್ದರು. ಒಬ್ಬರು ಮೈಸೂರು ಕಡೆಯವರು, ಮೆದು ಮಾತು. “ಅಮ್ಮ ಏನ್ಮಾಡ್ತಾರಮ್ಮ? ಕೂಲಿನಾ?”

ಭಾಗಮ್ಮ ತಲೆ ಎತ್ತಿದಳು. “ಹೌದ್ರಿ. ಈ ವರ್ಷ ರಾಶಿ ಮಾಡ್ಯಾಳ್ರಿ. ಆಯಾನೂ ಕೊಟ್ಟಾಳ.”

ಅವರಿಗೆ ತಿಳಿಯಲಿಲ್ಲ. ನನ್ನತ್ತ ನೋಡಿದರು. “ಆಯ ಅಂದ್ರೆ ಏನು ಮೇಷ್ಟ್ರೇ?”

ಕೇಳಿದವರಿಗೂ ಕೇಳದವರಿಗೂ ಮೂವತ್ತು ವರ್ಷ ಅದನ್ನೇ ಹೇಳಿಕೊಂಡು ಬಂದವನು. ಬಾಯಿ ತೆರೆದೆ. ನನಗೆ ಗೊತ್ತಿದ್ದದ್ದು ಅರ್ಧ ಕಣ ಮಾತ್ರ. ಭಾಗಮ್ಮನ ಕಡೆ ಕೈ ತೋರಿಸಿದೆ.

ಅವಳು ಟೇಬಲ್ಲಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. ಲಂಗದ ಧೂಳು ಕೊಡವಿದಳು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದಿಡಬೇಕು, ಬಸ್ಸು ಬಂತೆಂದು ಯಂಕಮ್ಮ ಕೂಗುತ್ತಿದ್ದಾಳೆ, ಇರು ತಾಯಿ ಬಂದೆ. ಭಾಗಮ್ಮ ಅಂದಳು, “ಆಯ ಅಂದ್ರರೀ, ನಮ್ಮವ್ವ...