ಐಸ್ ಟ್ರೇ ಖಾಲಿ ಮಾಡಿದವರು

ಆಗಸ್ಟ್ 12, ಮಂಗಳವಾರ

ಇವತ್ತೂ ಅಷ್ಟೇ. ಬೆಳಿಗ್ಗೆ ನಾನೇ ನೀರು ತುಂಬಿ ಫ್ರಿಜ್ಜಿನಲ್ಲಿಟ್ಟ ಐಸ್ ಟ್ರೇ ಸಂಜೆಗೆ ಖಾಲಿ. ಸೊಂಟ ಹೊಸದಾಗಿ ಹಿಡಿದ ದಿನ ಬಟ್ಟೆಯಲ್ಲಿ ಸುತ್ತಿದ ಐಸು, ಹಳೆಯ ಬಿಗಿತಕ್ಕೆ ಬಿಸಿ ಶಾಖ ಎಂದು ಫಿಸಿಯೋಥೆರಪಿ ಮೇಡಂ ಹೇಳಿದ್ದರು. ದಿನವಿಡೀ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ನನಗೆ ಎರಡೂ ಬೇಕು.

ಅನುಮಾನವೆಲ್ಲ ಅತ್ತೆಯ ಮೇಲೆ. "ಐಸಿಟ್ರೆ ಸೀತ ಮೂಳೆಗಿಳೀತದೆ ಕಣವ್ವ, ಉಪ್ಪಿನ ಗಂಟು ಕಾಯ್ಸಿ ಇಟ್ಕೊ" ಎಂದು ಮೊದಲಿನಿಂದಲೂ ಅಡ್ಡ ಹಾಕಿದವರು ಅವರೇ. ಇವತ್ತು ಕೇಳಿಯೇಬಿಟ್ಟೆ.

"ನಿನ್ನ ಐಸು ನಂಗ್ಯಾಕವ್ವ? ನಾನು ಆ ಪೆಟ್ಗೆ ಬಾಗ್ಲೇ ತೆಗೆಯಾಕಿಲ್ಲ" ಎಂದು ಮುಖ ತಿರುಗಿಸಿದರು. ನಾನು ನಂಬಲಿಲ್ಲ.

ಆಮೇಲೆ ಯಜಮಾನರು ಊಟಕ್ಕೆ ಬಂದರು. ಸೊಪ್ಪು ಬೇಯುವಾಗ ಅವರು ಬ್ಯಾರನ್, ಅಂದರೆ ಸೊಪ್ಪು ಬೇಯಿಸುವ ಬಿಸಿಮನೆ, ಬಿಟ್ಟು ಕದಲುವುದೇ ಅಪರೂಪ. ಕೂರಲು ಬಗ್ಗಿದಾಗ ಬೆನ್ನು ಕಂಡಿತು. ಅಂಗಿ ಸೊಂಟದ ಹತ್ತಿರ ಅಂಗೈಯಗಲ ಒದ್ದೆ. ಅದರ ಮೇಲೆ ಬ್ಯಾರನ್ ಗೋಡೆಯ ಕೆಂಪು ಇಟ್ಟಿಗೆ ಪುಡಿ ಮೆತ್ತಿತ್ತು. ಮೊದಲು ಐಸು, ಆಮೇಲೆ ಬಿಸಿ ಗೋಡೆ. ಮೇಡಂ ನನಗೆ ಹೇಳುವಾಗ ಇವರೂ ಪಕ್ಕದಲ್ಲೇ ಕೂತಿದ್ದರಲ್ಲ!

"ಸೊಂಟ ಹೆಂಗದೆ ನಿಂಗೆ?" ಎಂದರು.

"ಅಂಗೇ ಅದೆ. ನಿಮ್ದು?"

"ನಂಗೇನಾಗದೆ? ಗುಂಡ್ಕಲ್ಲು ಇದ್ದಂಗಿವ್ನಿ."

ಅಂಗಿ ತೋರಿಸಿ ಕೇಳಬೇಕೆಂದಿದ್ದೆ. ಆದರೆ ನಾಳೆ ಬೆಂದದ್ದನ್ನು ಇಳಿಸಿ ಹಸಿಸೊಪ್ಪು ಏರಿಸಬೇಕು. ಬ್ಯಾರನ್ನೊಳಗೆ ತೊಲೆಯಿಂದ ತೊಲೆಗೆ ಹತ್ತಿ ಕಡ್ಡಿ ನೇತುಹಾಕುವವರು ಅವರೊಬ್ಬರೇ. ನೋವಿದೆ ಎಂದು ಒಪ್ಪಿಕೊಂಡುಬಿಟ್ಟರೆ ಹತ್ತುವವರು ಯಾರು?

ಎದ್ದು ಟ್ರೇಗೆ ಮತ್ತೆ ನೀರು ತುಂಬಿಟ್ಟೆ.