ಹಳೆಯ ಕೀಲಿಮಣೆಯ ಹೊಣೆ

ಜೂನ್ 14, ಶನಿವಾರ

ನನ್ನ ಹಳೆಯ ಸಹಪಾಠಿ ಬಾಲಾಜಿ ಫೋನಿನಲ್ಲಿ ಹೇಳಿದ ಮಾತು ಬೆಳಿಗ್ಗೆಯಿಂದ ಕೊರೆಯುತ್ತಿದೆ. ಅವನೂ ಮೂವರು ಗೆಳೆಯರೂ ಬಿಡುವಿನಲ್ಲಿ ಮಾಡಿ ಹಂಚುವ ಕನ್ನಡ ಟೈಪಿಂಗ್ ತಂತ್ರಾಂಶದಿಂದ ಹಳೆಯ ಟೈಪ್‌ರೈಟರ್ ಕೀಲಿಮಣೆ ವಿನ್ಯಾಸವನ್ನು ಕೈಬಿಡುತ್ತಾರಂತೆ. "ಬೇಕು ಅನ್ನೋರೇ ಪ್ರತಿ ಹೊಸ ಆವೃತ್ತೀಲೂ ಪರೀಕ್ಷೆ ಮಾಡಿ ಕೊಡ್ಲಿ ಸುಮಾ, ನಮ್ ಕೈಲಾಗಲ್ಲ."

ಸಿಟ್ಟು ಬಂತು. ಆದರೆ ಅವರಿಗೂ ಅದು ಸಂಬಳದ ಕೆಲಸವಲ್ಲ.

ಬಂಗಾರಪೇಟೆ ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪ್ ಮಾಡುವ ಸೆಲ್ವರಾಜಣ್ಣನವರಿಗೆ ಹೇಳಿದೆ. ಕಂಪ್ಯೂಟರಿನಲ್ಲೂ ಅವರು ಈ ತಂತ್ರಾಂಶದ ಆ ಹಳೆಯ ಕೀಲಿಮಣೆಯನ್ನೇ ಬಳಸುವವರು. ಕೀಲಿ ನೋಡುವುದೇ ಇಲ್ಲ, ಬಂದವರ ಮುಖ ನೋಡುತ್ತಲೇ ಹೊಡೆಯುತ್ತಾರೆ.

"ಮೂವತ್ತು ವರ್ಸ ಬೆರಳು ಕಲ್ತಿರೋದು, ಈಗ ಮರೀ ಅಂದ್ರೆ ಎಂಗಮ್ಮಾ? ಅಂಗಡಿ ಮುಚ್ಬೇಕಷ್ಟೆ."

"ನೀವು ಹೊಡೀರಿ ಅಣ್ಣಾ, ತಪ್ಪು ಬಂದಿದ್ದನ್ನ ನಾನು ಬರ್ಕೋತೀನಿ" ಎಂದು, ಸಾಮಾನ್ಯವಾಗಿ ಹೆಚ್ಚು ಮಾತಾಡದ ನಾನು ಅಂದುಬಿಟ್ಟೆ.

"ಅಯ್ಯೋ, ನಿಂಗೆ ಮಾತೂ ಬತ್ತದಾ!" ನಕ್ಕರು.

ಹೊಸ ಆವೃತ್ತಿಯಲ್ಲಿ ಸಂಜೆಯೊಳಗೆ ಹನ್ನೊಂದು ತಪ್ಪು ಸಿಕ್ಕವು. ಇಬ್ಬರ ಹೆಸರಲ್ಲೂ ಬಾಲಾಜಿಗೆ ಕಳಿಸಿದೆ. "ಅಂಗಾದ್ರೆ ಹಳೇ ಕೀಲಿಮಣೆ ಇರ್ಲಿ. ಇನ್ಮೇಲೆ ಇದರ ಹೊಣೆ ನಿಮ್ಮಿಬ್ಬರದು" ಎಂದು ಬರೆದ. ಭಯವಾಗುತ್ತಿದೆ, ಆದರೂ ಆ ಸಾಲನ್ನು ನಾಲ್ಕು ಸಲ ಓದಿದೆ. ಹನ್ನೆರಡನೆಯ ತಪ್ಪೊಂದು ಈಗ ನೆನಪಾಗುತ್ತಿದೆ, ಬೆಳಗಾಗುವಷ್ಟರಲ್ಲಿ ಮರೆಯುವ ಮುಂಚೆ ಅದನ್ನೂ ಬರೆದಿಡುತ್ತೇನೆ.