ಸೋಮವಾರದ ಎಣ್ಣೆ

ಆಸ್ಪರಿ, ಶನಿವಾರ

ಲಿಂಗಕ್ಕಾ,

ಹೀಗೆ ಕರೆಯಲು ನನಗೆ ಮುಖವಿಲ್ಲ. ಆದರೂ ಬರೆಯುತ್ತಿದ್ದೇನೆ.

ಎರಡು ಓಣಿಗಳ ಹೊಡೆದಾಟ ನಿಲ್ಲಲಿ ಎಂದು ಈ ಆಟ ಹೂಡಿದವಳು ನಾನೇ. ಪ್ರತಿ ಮನೆಯ ಹೊಡೆದಾಟದ ಬಡಿಗೆ ಎದುರು ಓಣಿಯ ಒಂದು ಮನೆಯಲ್ಲಿ; ನಮ್ಮದು ನಿಮ್ಮಲ್ಲಿ, ನಿಮ್ಮದು ನಮ್ಮಲ್ಲಿ. ಪ್ರತಿ ಸೋಮವಾರ ಗಂಡಸರು ಎಣ್ಣೆ ಬಟ್ಟಲು ಬಿಟ್ಟು ಬೇರೇನೂ ಹಿಡಿಯದೆ ಹೋಗಿ, ತಮ್ಮ ಬಡಿಗೆಗೆ ಎಣ್ಣೆ ಹಚ್ಚಿ, ಆ ಮನೆಯ ರೊಟ್ಟಿ ತಿಂದು ಬರಬೇಕು. ತಪ್ಪಿಸಿದವರು ಸೋತಂತೆ. ಹನ್ನೊಂದು ವಾರ ಯಾರೂ ಸೋಲಲಿಲ್ಲ.

ಹನ್ನೆರಡನೆಯ ಸೋಮವಾರ ಬೆಳಿಗ್ಗೆ ನಿಮ್ಮ ಕುರಿಗಳು ನಮ್ಮ ಹತ್ತಿ ಹೊಲಕ್ಕೆ ನುಗ್ಗಿದವು. "ಇವತ್ತ ಹೋಗಬ್ಯಾಡ್ರಿ" ಎಂದು ನೀವು ಗಂಡನನ್ನು ತಡೆದಿರಂತೆ. ಆದರೂ ಉಚ್ಚೀರಪ್ಪಣ್ಣ ಬಂದರು. "ತಪ್ಪು ನಮ್ದೇ ಐತಿ, ತಂಗಿ. ಆಟ ಯಾಕ ಕೆಡಿಸ್ಬೇಕು?" ಎಂದು ಕಟ್ಟೆಯ ಮೇಲೆ ಕೂತರು. ನಾನು ರೊಟ್ಟಿ ತರಲು ಒಳಗೆ ಹೋದೆ. ಹೊಲದಿಂದ ಬಂದ ನನ್ನ ಗಂಡ ಹಾಲೇಶ, ಗೋಡೆಗೆ ಒರಗಿದ್ದ ಅವರದೇ ಬಡಿಗೆ ಎತ್ತಿ ಅವರ ತಲೆಗೆ ಹೊಡೆದ. ನಾನು ಹೊರಬಂದಾಗ ನಾಲ್ಕನೆಯ ಏಟು ಬೀಳುತ್ತಿತ್ತು. ಬಟ್ಟಲು ಇನ್ನೂ ಅವರ ಕೈಯಲ್ಲಿತ್ತು. ಆದೋನಿ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು.

"ಬಡಿಗಿ ಬಾವ್ಯಾಗ ಬಿತ್ತಂತ ಹೇಳು" ಎಂದರು ನಮ್ಮತ್ತೆ. ನಾನು ಅದನ್ನು ಎಸ್‌ಐಗೆ ಕೊಟ್ಟು, ಕಂಡದ್ದನ್ನು ಬರೆಸಿ ಬಂದೆ. ಬಡಿಗೆಯ ಗುರುತು ಹೇಳಲು ನೀವು ಠಾಣೆಗೆ ಹೋಗಬೇಕಂತೆ, ದಯವಿಟ್ಟು ಹೋಗಿ.

ನಮ್ಮ ಬಡಿಗೆ ನಿಮ್ಮ ಮನೆಯಲ್ಲೇ ಇದೆ. ನಿಮ್ಮ ದೊಡ್ಡ ಮಗ ಅದನ್ನು ಕೈಯಿಂದ ಕೆಳಗಿಡುತ್ತಿಲ್ಲವೆಂದು ಊರೆಲ್ಲ ಹೇಳುತ್ತಿದೆ. ಹಾಲೇಶ ಜೈಲಿನಲ್ಲಿದ್ದಾನೆ. ನಾಡಿದ್ದು ಸೋಮವಾರ ಅವನ ಬದಲು ನಾನು ಬರುತ್ತೇನೆ, ಬಟ್ಟಲು ಹಿಡಿದು. ರೊಟ್ಟಿ ಬೇಡ. ಬಾಗಿಲು ತೆರೆದಿಡಿ.

ಆಟ ಹೂಡಿದವಳು,
ಭುವನಾ